ಗೆದ್ದವರ ಎದುರು ಮೊದಲ ಸಲ ನಿಂತವರು

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿ, ಮತ್ತೆ ಅಂಗಡಿಗೆ ಬಂದು ದಿನದ ಕಿರ್ದಿ ಬರೆಯುವ ಹೊತ್ತು. ಚುನಾವಣೆಯ ದಿನಗಳಾದರೆ ಹೊರಗೆ ಜೀಪಿನ ಮೈಕು ಕೂಗುತ್ತಿರುತ್ತದೆ. ಓದು ಮುಗಿಸಿ ಗಲ್ಲೆಯ ಪಕ್ಕ ಕುಳಿತ ಹುಡುಗ ಇಂಥ ಹೊತ್ತಿನಲ್ಲಿ ಕೇಳಿಯೇ ಕೇಳುತ್ತಾನೆ: "ಕಾಕಾ, ಪ್ರತಿ ಸಲ ಅವರವರೇ ಯಾಕ್ರಿ ನಿಲ್ಲಬೇಕು? ನಮ್ಮವರೊಬ್ಬರು ಎದುರು ನಿಂತರೆ ಏನಾಗ್ತದ?"

ಕಾಕಾ ಕನ್ನಡಕದ ಮೇಲಿಂದ ನೋಡಿ ಹೇಳುತ್ತಾರೆ: "ಓಟು ಹಾಕು, ಸುಮ್ನಿರು ತಮ್ಮಾ. ಈ ಪಾರ್ಟಿಯವನೂ ನಮ್ಮ ಗಿರಾಕಿ, ಆ ಪಾರ್ಟಿಯವನೂ ನಮ್ಮ ಗಿರಾಕಿ."

ನಾರಾಯಣಖೇಡ್, ಜಹೀರಾಬಾದ್, ತಾಂಡೂರು ಕಡೆಯ ಯಾವ ವ್ಯಾಪಾರಿ ಮನೆಗೆ ಹೋದರೂ ಈ ಮಾತುಕತೆ ಸ್ವಲ್ಪ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ. ಕಾಕಾ ಅವರನ್ನು ಹೇಡಿಯೆನ್ನಲಾಗದು. ಶಾಸಕರೆದುರು ಸೋತ ವಕೀಲ ಮರುದಿನ ಕೋರ್ಟಿಗೆ ಹೋಗುತ್ತಾನೆ, ಸೋತ ರೈತ ಹೊಲಕ್ಕೆ ಹೋಗುತ್ತಾನೆ. ಸೋತ ವ್ಯಾಪಾರಿ ಮಾತ್ರ ಗೆದ್ದವರ ಕಣ್ಣೆದುರೇ ಐದು ವರ್ಷ ಬಾಗಿಲು ತೆರೆದು ಕೂರಬೇಕು. ಮಾರುಕಟ್ಟೆ ಸಮಿತಿಯ ಲೈಸೆನ್ಸು, ಗೋದಾಮಿನ ಪರವಾನಗಿ, ರಸ್ತೆ ಅಗಲ ಮಾಡುವಾಗ ಯಾರ ಅಂಗಡಿಯ ಮುಂಗಟ್ಟು ಎಷ್ಟು ಹೋಗಬೇಕೆಂಬ ಗುರುತು, ಹೀಗೆ ಅಧಿಕಾರದ ಕೈ ತಲುಪುವ ಜಾಗಗಳು ನಮ್ಮ ಕಸುಬಿನಲ್ಲಿ ಬಹಳ. ಹಾಗಿದ್ದೂ ಹಾಲಿ ಸದಸ್ಯರ ಎದುರು ಮೊದಲ ಸಲ ನಿಲ್ಲುವವರು ಇದ್ದಾರೆ. ಅವರು ಯಾಕೆ ನಿಂತರು, ಅವರಿಗೆ ಏನು ಕಾರಣವಿತ್ತು ಎಂಬುದನ್ನು ಹುಡುಗನಿಗಾದರೂ, ಕಾಕಾ ಅವರಿಗಾದರೂ ಒಮ್ಮೆ ಬಿಡಿಸಿ ಹೇಳಬೇಕೆನಿಸಿತು.

ಮೊದಲು ನಮ್ಮ ಊರನ್ನೇ ನೋಡೋಣ. 1956ರ ನವೆಂಬರ್ 1ಕ್ಕೆ ಮುಂಚೆ ನಾರಾಯಣಖೇಡ್ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯ ದಿನ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಮನೆಮಾತು, ಬೀಗತನ, ಸಂತೆ ಇತ್ತ ಕಡೆ ಉಳಿದವು, ಕಚೇರಿ ಅತ್ತ ಕಡೆಯದಾಯಿತು. ಇಂಥ ಊರುಗಳಲ್ಲಿ ಕಚೇರಿಯ ಭಾಷೆ ಬಲ್ಲ, ಹೈದರಾಬಾದಿನ ದಾರಿ ಬಲ್ಲ ದೊಡ್ಡ ಮನೆತನಗಳೇ ಜನಕ್ಕೂ ಸರ್ಕಾರಕ್ಕೂ ನಡುವಿನ ಸೇತುವೆಯಾದದ್ದು ಸಹಜ. ನಾರಾಯಣಖೇಡದ ರಾಜಕೀಯ ದಶಕಗಳಿಂದ ಬಹುಮಟ್ಟಿಗೆ ಮೂರು ಮನೆಗಳ ಸುತ್ತಲೇ ತಿರುಗಿದೆ. ಶೆಟ್ಕಾರ್ ಮನೆತನದ ಶ್ರೀ ಶಿವರಾವ್, ಅವರ ಮಗ ಶ್ರೀ ಸುರೇಶ್ ಶೆಟ್ಕಾರ್. ಪಟ್ಲೊಳ್ಳ ಮನೆತನದ ಶ್ರೀ ಕಿಷ್ಟಾರೆಡ್ಡಿ, ಅವರ ಮಗ ಶ್ರೀ ಸಂಜೀವ ರೆಡ್ಡಿ. ಮಹಾರೆಡ್ಡಿ ಮನೆತನದ ಶ್ರೀ ವೆಂಕಟರೆಡ್ಡಿ, ಅವರ ಮಗ ಶ್ರೀ ಭೂಪಾಲ ರೆಡ್ಡಿ. 2015ರ ಆಗಸ್ಟಿನಲ್ಲಿ ಕಿಷ್ಟಾರೆಡ್ಡಿಯವರು ಶಾಸಕರಾಗಿರುವಾಗಲೇ ತೀರಿಕೊಂಡಾಗ, 2016ರ ಫೆಬ್ರವರಿಯ ಉಪಚುನಾವಣೆಯಲ್ಲಿ ಅವರ ಮಗ ನಿಂತರು, ಭೂಪಾಲ ರೆಡ್ಡಿಯವರೆದುರು ಸೋತರು. 2023ರಲ್ಲಿ ಅದೇ ಮಗ ಹಾಲಿ ಶಾಸಕರಾಗಿದ್ದ ಭೂಪಾಲ ರೆಡ್ಡಿಯವರನ್ನು ಸುಮಾರು ಆರೂವರೆ ಸಾವಿರ ಮತಗಳಿಂದ ಸೋಲಿಸಿದರು. ತಂದೆ ಕುಳಿತ ಜಾಗವನ್ನು ಮರಳಿ ಪಡೆಯಬೇಕೆನ್ನುವುದೂ ಒಂದು ಕಾರಣವೇ. ಆದರೆ ಅದು ಮೂರು ಮನೆಯವರಿಗೆ ಮಾತ್ರ ದೊರಕುವ ಕಾರಣ. ನಮ್ಮ ಅಂಗಡಿಯ ಹುಡುಗನಿಗೆ ಅದು ಉಪಯೋಗವಿಲ್ಲ.

ಮನೆತನದ ಬಲವಿಲ್ಲದೆ, ವ್ಯಾಪಾರ ವ್ಯವಹಾರದಿಂದ ಬಂದು ಹಾಲಿ ಸದಸ್ಯರನ್ನು ಎದುರಿಸಿದ ಉದಾಹರಣೆಯೂ ಇಲ್ಲಿಯೇ ಇದೆ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಜಹೀರಾಬಾದ್ ಲೋಕಸಭಾ ಕ್ಷೇತ್ರ ಹುಟ್ಟಿತು; ನಾರಾಯಣಖೇಡ್ ಅದರ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದು. 2009ರಲ್ಲಿ ಶ್ರೀ ಸುರೇಶ್ ಶೆಟ್ಕಾರ್ ಅದರ ಮೊದಲ ಸಂಸದರಾದರು. 2014ರಲ್ಲಿ ಅವರೆದುರು ತೆಲಂಗಾಣ ರಾಷ್ಟ್ರ ಸಮಿತಿಯಿಂದ ನಿಂತವರು ಶ್ರೀ ಬಿ. ಬಿ. ಪಾಟೀಲ್, ವೃತ್ತಿಯಿಂದ ಉದ್ಯಮಿ, ಚುನಾವಣೆಗೆ ಹೊಸಬರು. ಹೊಸಬರೇ ಗೆದ್ದರು, ಅದೂ 1 ಲಕ್ಷ 44 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ. ಆದರೆ ಆ ವರ್ಷ ಮತದಾನ ನಡೆದದ್ದು ಏಪ್ರಿಲ್ 30ರಂದು, ತೆಲಂಗಾಣ ರಾಜ್ಯ ಉದಯವಾದದ್ದು ಜೂನ್ 2ರಂದು ಎಂಬುದನ್ನು ಮರೆಯಬಾರದು. ಪ್ರತ್ಯೇಕ ರಾಜ್ಯಕ್ಕಾಗಿ ಹೋರಾಡಿದ ಪಕ್ಷದ ಹೆಸರೇ ಆಗ ಸಾಕಾಗಿತ್ತು. ಗೆಲುವಿನ ಕಾರಣ ಅಭ್ಯರ್ಥಿಗಿಂತ ಹೆಚ್ಚಾಗಿ ಕಾಲದ್ದಾಗಿತ್ತು ಎಂದೇ ನನ್ನ ಅಭಿಪ್ರಾಯ.

ಕಾಲ ಕೊಟ್ಟದ್ದನ್ನು ಕಾಲ ಹಿಂದಕ್ಕೂ ಪಡೆಯುತ್ತದೆ. 2019ರಲ್ಲಿ ಪಾಟೀಲರ ಅಂತರ 6,229 ಮತಗಳಿಗೆ ಇಳಿಯಿತು. 2024ರ ಮಾರ್ಚಿನಲ್ಲಿ ಅವರು ಪಕ್ಷ ಬದಲಿಸಿ ಭಾರತೀಯ ಜನತಾ ಪಕ್ಷದಿಂದ ನಿಂತರು. ಎದುರಿಗಿದ್ದವರು ಹತ್ತು ವರ್ಷದ ಹಿಂದೆ ಅವರಿಂದ ಸೋತಿದ್ದ ಅದೇ ಸುರೇಶ್ ಶೆಟ್ಕಾರ್. ಈ ಸಲ ಶೆಟ್ಕಾರ್ 46 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ತಾಂಡೂರಿನ ಕಥೆ ಇನ್ನೂ ಚಿಕ್ಕದು. 2018ರಲ್ಲಿ ಹೊಸ ಮುಖವಾದ ಶ್ರೀ ಪೈಲಟ್ ರೋಹಿತ್ ರೆಡ್ಡಿ ಕಾಂಗ್ರೆಸ್ಸಿನಿಂದ ನಿಂತು, ಸಾರಿಗೆ ಸಚಿವರಾಗಿದ್ದ ಶ್ರೀ ಪಿ. ಮಹೇಂದರ್ ರೆಡ್ಡಿಯವರನ್ನು 2,875 ಮತಗಳಿಂದ ಸೋಲಿಸಿದರು. ಮಂತ್ರಿಯನ್ನೇ ಸೋಲಿಸಿದ ಸಾಹಸವನ್ನು ತೊಗರಿ ಅಡತಿಯಲ್ಲೂ ಕಲ್ಲಿನ ಪಾಲಿಶ್ ಕಾರ್ಖಾನೆಗಳಲ್ಲೂ ಜನ ಆಡಿಕೊಂಡರು. ಮರುವರ್ಷವೇ ಅವರು ತಾವು ಎದುರಿಸಿ ಗೆದ್ದ ಆಡಳಿತ ಪಕ್ಷವನ್ನೇ ಸೇರಿದರು. 2023ರಲ್ಲಿ ಜನ ಅವರನ್ನೂ ಮನೆಗೆ ಕಳಿಸಿದರು. ಎದುರು ನಿಂತ ಕಾರಣ ಗೆದ್ದ ಮೇಲೆ ಎಲ್ಲಿ ಹೋಯಿತೆಂದು ಮತದಾರ ಕೇಳುತ್ತಾನೆ, ತಡವಾಗಿಯಾದರೂ ಕೇಳುತ್ತಾನೆ.

ಇನ್ನು ನಮ್ಮ ಸಮಾಜದ ಮಾತು. 2011ರ ಜನಗಣತಿಯಂತೆ ಇಡೀ ದೇಶದಲ್ಲಿ ಜೈನರು ಸುಮಾರು 44 ಲಕ್ಷ 50 ಸಾವಿರ. ನೂರಕ್ಕೆ ಅರ್ಧವೂ ಇಲ್ಲ. ಬಸದಿಯ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು ಮತಪೆಟ್ಟಿಗೆಯಲ್ಲಿ ಎಣಿಕೆಗೆ ಬರುವುದಿಲ್ಲ. ಹಾಗಾಗಿ ನಮ್ಮವನೊಬ್ಬ ನಿಂತರೆ ಅವನ ಕಾರಣ ಊರಿನ ಎಲ್ಲರ ಕಾರಣವಾಗಿರಬೇಕು, ಬೇರೆ ದಾರಿಯೇ ಇಲ್ಲ. ವೇಣೂರಿನ ಶ್ರೀ ವಿ. ಧನಂಜಯ ಕುಮಾರ್ 1991ರಲ್ಲಿ ಮಂಗಳೂರಿನಲ್ಲಿ, 1977ರಿಂದ ಸತತವಾಗಿ ಸಂಸದರಾಗಿದ್ದ ಶ್ರೀ ಜನಾರ್ದನ ಪೂಜಾರಿಯವರನ್ನು ಸೋಲಿಸಿದ್ದು ಜೈನ ಮತಗಳಿಂದಲ್ಲ. ಸಮಾಜಕ್ಕೆ ಹೆಮ್ಮೆಯಾಯಿತು ನಿಜ, ಗೆಲ್ಲಿಸಿದವರು ಬೇರೆಯವರು.

ನನ್ನ ಮಟ್ಟಿಗೆ, ಕಾರಣವನ್ನು ಕೈಯಲ್ಲಿ ಹಿಡಿದು ತೂಗಿ ನೋಡಬಹುದಾದ ಉದಾಹರಣೆ ನಮ್ಮ ಊರಿನಿಂದ ಪಶ್ಚಿಮಕ್ಕೆ, ಕೃಷ್ಣಾ ತೀರದ ಶಿರೋಳದಲ್ಲಿದೆ. ನಮ್ಮೂರಿಗೂ ಅಲ್ಲಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಕಬ್ಬಿನದು. ನಾರಾಯಣಖೇಡದ ತಾಂಡಾಗಳಿಂದ ಪ್ರತಿ ವರ್ಷ ದೀಪಾವಳಿಯ ಸುಮಾರಿಗೆ ಕುಟುಂಬ ಕುಟುಂಬಗಳೇ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು ಜಹೀರಾಬಾದಿನ ಕಡೆಗೆ, ಕರ್ನಾಟಕಕ್ಕೆ, ಮಹಾರಾಷ್ಟ್ರಕ್ಕೆ ಹೋಗುತ್ತವೆ. ಜಹೀರಾಬಾದ್ ಸುತ್ತಲಿನ ರೈತರು ಕಾರ್ಖಾನೆಗೆ ಕಬ್ಬು ಹಾಕಿ ಹಣಕ್ಕೆ ಕಾಯುತ್ತಾರೆ. ಆ ಹಣ ತಡವಾದರೆ ಮೊದಲು ನಿಲ್ಲುವುದು ಯಾವುದು? ನಮ್ಮ ಉದ್ರಿ ವಸೂಲಿ. ರೈತ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಮದುವೆಯ ಬಟ್ಟೆಗೆ, ತಿಂಗಳ ಕಿರಾಣಿಗೆ ಬರೆಸಿ ಒಯ್ದದ್ದು ಕಬ್ಬಿನ ಬಿಲ್ಲು ಬರುವವರೆಗೂ ನಮ್ಮ ಖಾತೆಯಲ್ಲೇ ಕುಳಿತಿರುತ್ತದೆ. ನಾವು ಸಗಟು ವ್ಯಾಪಾರಿಗೆ ಕೊಡಬೇಕಾದ ಹಣಕ್ಕೆ ಮಾತ್ರ ಬಡ್ಡಿ ಓಡುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ ಸೇರಿಸಬೇಕು. ಕಾಗದದ ಮೇಲೆ ಇಷ್ಟು ಚೊಕ್ಕ ನಿಯಮ ನಮ್ಮ ಅಡತಿ ವ್ಯವಹಾರದಲ್ಲೂ ಇಲ್ಲ!

ಶಿರೋಳ, ಜಯಸಿಂಗಪುರ, ಕುರುಂದವಾಡ, ಇಚಲಕರಂಜಿ ಕೊಲ್ಹಾಪುರ ಜಿಲ್ಲೆಯ ಊರುಗಳು. ಮರಾಠಿ, ಕನ್ನಡ ಎರಡೂ ಕೇಳುವ, ಜೈನರು ಅಂಗಡಿಯಲ್ಲೂ ಹೊಲದಲ್ಲೂ ಇರುವ ನಾಡು. 1899ರಲ್ಲಿ ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಬೇರುಗಳೂ ಈ ಸೀಮೆಯಲ್ಲೇ. ಇಲ್ಲಿಯ ಜೈನ ಒಕ್ಕಲು ಮನೆತನದಲ್ಲಿ 1967ರಲ್ಲಿ ಹುಟ್ಟಿದವರು ಶ್ರೀ ರಾಜು ಶೆಟ್ಟಿ. ಪೂರ್ತಿ ಹೆಸರು ದೇವಪ್ಪ ಅಣ್ಣಾ ಶೆಟ್ಟಿ. ಶ್ರೀ ಶರದ್ ಜೋಶಿಯವರ ಶೇತಕರಿ ಸಂಘಟನೆಯಲ್ಲಿ ದುಡಿದು, ಭಿನ್ನಾಭಿಪ್ರಾಯ ಬಂದು ಹೊರಗೆ ಬಂದು, ಸ್ವಾಭಿಮಾನಿ ಶೇತಕರಿ ಸಂಘಟನೆ ಕಟ್ಟಿದರು. 2004ರಲ್ಲಿ ಶಿರೋಳದಿಂದ ಪಕ್ಷೇತರರಾಗಿ ವಿಧಾನಸಭೆಗೆ ಆರಿಸಿ ಬಂದರು. 2009ರಲ್ಲಿ ಲೋಕಸಭೆಗೆ ನಿಂತಾಗ ಎದುರಿಗಿದ್ದವರು 1999ರಿಂದ ಎರಡು ಅವಧಿ ಇಚಲಕರಂಜಿಯ ಸಂಸದೆಯಾಗಿದ್ದ ಶ್ರೀಮತಿ ನಿವೇದಿತಾ ಮಾನೆ. ಕ್ಷೇತ್ರದ ಹೆಸರು ಆಗ ಹಾತಕಣಂಗಲೆ ಎಂದು ಬದಲಾಗಿತ್ತು. ಶೆಟ್ಟಿಯವರು ಸುಮಾರು 95 ಸಾವಿರ ಮತಗಳಿಂದ ಗೆದ್ದರು.

ಅವರ ಕಾರಣ ಒಂದೇ ಸಾಲಿನದು. ಆ ಭಾಗದ ಸಕ್ಕರೆ ಕಾರ್ಖಾನೆಗಳ ಚೇರ್ಮನ್ನರೇ ಶಾಸಕರು, ಸಂಸದರು, ಮಂತ್ರಿಗಳು. ಕಬ್ಬು ಕೊಳ್ಳುವವನೇ ಕಬ್ಬಿನ ದರದ ಕಾನೂನು ಮಾಡುವ ಮನೆಯಲ್ಲಿ ಕುಳಿತಿರುವಾಗ, ಮಾರುವವನ ಕಡೆಯಿಂದಲೂ ಒಬ್ಬ ಅಲ್ಲಿ ಕೂರಬೇಡವೆ? ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ, ತಕ್ಕಡಿ ಹಿಡಿದವನೂ ಅವನೇ, ಗಿರಾಕಿಯೂ ಅವನೇ, ತಕರಾರು ಬಂದರೆ ಪಂಚರೂ ಅವನೇ ಆದರೆ ಆ ಅಂಗಡಿಗೆ ಯಾರು ಮಾಲು ತರುತ್ತಾರೆ? ಪ್ರತಿ ವರ್ಷ ಹಂಗಾಮಿಗೆ ಮುಂಚೆ ಜಯಸಿಂಗಪುರದಲ್ಲಿ ಕಬ್ಬು ಪರಿಷತ್ತು ಸೇರಿಸಿ, ಈ ವರ್ಷ ಟನ್ನಿಗೆ ಇಷ್ಟು ಬೇಕೆಂದು ಅಂಕಿ ಹೇಳುತ್ತಾರೆ. ಆ ಅಂಕಿಯನ್ನು ಒಪ್ಪಬಹುದು, ಒಪ್ಪದಿರಬಹುದು. ಆದರೆ ಅದು ಅಂಕಿ. ಚುನಾವಣಾ ಭಾಷಣದ 'ಅಭಿವೃದ್ಧಿ'ಯಂತೆ ಗಾಳಿಯಲ್ಲಿ ಕರಗುವಂಥದ್ದಲ್ಲ. ಕೇಂದ್ರ ಸರ್ಕಾರದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ 2009-10ರ ಹಂಗಾಮಿಗೆ ಕ್ವಿಂಟಲಿಗೆ ಸುಮಾರು 130 ರೂಪಾಯಿ ಇದ್ದದ್ದು 2024-25ಕ್ಕೆ 340 ರೂಪಾಯಿ ಆಯಿತು. ಇದೆಲ್ಲ ಒಬ್ಬರ ಹೋರಾಟದ ಫಲವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಆದರೆ ಲೆಕ್ಕ ಕೇಳುವವನೊಬ್ಬ ಇದ್ದಾನೆಂಬ ಭಯ ಕಾರ್ಖಾನೆಗಳಿಗೆ ಬಂದದ್ದು ನಿಜ.

ದರದಷ್ಟೇ ದೊಡ್ಡ ತಕರಾರು ತೂಕದ್ದು. ಕಾರ್ಖಾನೆಯ ಕಾಟಾದಲ್ಲಿ ಗಾಡಿಗೆ ಇಷ್ಟು ಎಂದು ಕಬ್ಬು ಹೊಡೆಯುತ್ತಾರೆಂಬ ದೂರು ಬಹಳ ಹಳೆಯದು. ಎಲ್ಲ ಕಾಟಾಗಳೂ ಡಿಜಿಟಲ್ ಆಗಬೇಕು, ಆನ್‌ಲೈನಿನಲ್ಲಿ ಕಾಣಬೇಕು ಎಂದು ಸಂಘಟನೆ 2022ರಲ್ಲಿ ಬೇಡಿಕೆಯಿಟ್ಟು ಚಳವಳಿ ಮಾಡಿತು. ಸ್ವಾಧ್ಯಾಯ ಮಾಡುವ ಓದುಗರಿಗೆ ಇಲ್ಲೊಂದು ನೆನಪಾಗದಿರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು: ಕೊಳ್ಳುವಾಗ ಹೆಚ್ಚಿನ ತೂಕ, ಕೊಡುವಾಗ ಕಡಿಮೆ ತೂಕ. ನಮ್ಮ ಅಂಗಡಿಯ ತಕ್ಕಡಿಗೆ ಹೇಳಿದ ಮಾತು ಕಾರ್ಖಾನೆಯ ಐವತ್ತು ಟನ್ನಿನ ಕಾಟಾಗೂ ಅನ್ವಯಿಸುತ್ತದೆ. ಶೆಟ್ಟಿಯವರು ಇದನ್ನು ಓದಿ ಚುನಾವಣೆಗೆ ನಿಂತರೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬ ಜೈನ ಹುಡುಗ ಹಾಲಿ ಸದಸ್ಯರ ಎದುರು ನಿಲ್ಲಲು ಕಾರಣ ಹುಡುಕುತ್ತಿದ್ದರೆ, ಅದು ತನ್ನ ಮನೆಯ ಶಾಸ್ತ್ರದ ಪುಟದಲ್ಲೇ ಇದೆ ಎಂದು ತಿಳಿಯಲಿ. ಅದೇ ಪಟ್ಟಿಯಲ್ಲಿ ವಿರುದ್ಧರಾಜ್ಯಾತಿಕ್ರಮವೂ ಇದೆ. ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದೂ ದೋಷವೇ. ಜೀರೋ ಬಿಲ್ಲಿನ ವ್ಯವಹಾರ ಮಾಡುತ್ತ ಊರಿಗೆ ನ್ಯಾಯ ಕೊಡಿಸುತ್ತೇನೆ ಎನ್ನುವವನಿಗೆ ಈ ಎರಡನೆಯದು ಸ್ವಲ್ಪ ಚುಚ್ಚುತ್ತದೆ.

ಚಳವಳಿಯ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ರಸ್ತೆ ತಡೆಯ ದಿನಗಳಲ್ಲಿ ಮಾಲಿನ ಲಾರಿಗಳು ನಿಂತವು, ಅಂಗಡಿಗಳ ಶಟರು ಇಳಿದವು. 2012ರ ನವೆಂಬರಿನ ಕಬ್ಬಿನ ಚಳವಳಿ ಹಿಂಸೆಗೆ ತಿರುಗಿ, ಸಾಂಗಲಿ ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ರೈತನ ಪ್ರಾಣ ಹೋಯಿತು. ಅಹಿಂಸೆಯನ್ನು ಪರಮ ಧರ್ಮವೆನ್ನುವ ಸಮಾಜ ಇದನ್ನು ಕಣ್ಣುಮುಚ್ಚಿ ಹೊಗಳಲಾರದು.

ಹಣದ ಮಾತು ಬಾರದೆ ವ್ಯಾಪಾರಿ ಮನೆಯ ಚರ್ಚೆ ಮುಗಿಯುವುದಿಲ್ಲ. ಶೆಟ್ಟಿಯವರ ಪ್ರಚಾರದಲ್ಲಿ 'ಒಂದು ಓಟು, ಒಂದು ನೋಟು' ಎಂಬುದು ಹೆಸರಾದ ಮಾತು. ಮತದಾರನೇ ಮತದ ಜೊತೆಗೆ ಕೈಲಾದಷ್ಟು ಹಣವನ್ನೂ ಕೊಟ್ಟ. ಹತ್ತು ರೂಪಾಯಿ ಕೊಟ್ಟವನು ಮತದಾನದ ದಿನ ಮನೆಯಲ್ಲಿ ಕೂರುವುದಿಲ್ಲ. ಮುಂಗಡ ಕೊಟ್ಟ ಗಿರಾಕಿ ಮಾಲು ಒಯ್ಯದೆ ಬಿಡುತ್ತಾನೆಯೆ? ನಮ್ಮ ಮನೆಯ ಹುಡುಗ ನಿಂತರೆ ಹಣ ಅಂಗಡಿಯ ಗಲ್ಲೆಯಿಂದಲೇ ಹೋಗುತ್ತದೆಂಬುದು ಕಾಕಾ ಅವರ ಭಯ. ಆ ಭಯ ಸುಳ್ಳಲ್ಲ, ಆದರೆ ಕಾನೂನಿನ ಲೆಕ್ಕ ಅವರಂದುಕೊಂಡದ್ದಕ್ಕಿಂತ ಬಿಗಿಯಾಗಿದೆ. ವಿಧಾನಸಭೆಗೆ ಠೇವಣಿ 10 ಸಾವಿರ, ಲೋಕಸಭೆಗೆ 25 ಸಾವಿರ ರೂಪಾಯಿ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಅದು ಹೋದಂತೆಯೇ. ಪಕ್ಷೇತರನ ನಾಮಪತ್ರಕ್ಕೆ ಹತ್ತು ಜನ ಸೂಚಕರು ಸಹಿ ಹಾಕಬೇಕು. 2022ರಿಂದ ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ದಿನದ ಖರ್ಚಿನ ಪುಸ್ತಕ ಇಡಬೇಕು. ಕಿರ್ದಿ ಬರೆಯುವ ಅಭ್ಯಾಸವಿರುವ ಮನೆಯವರಿಗೆ ಇದು ಕಷ್ಟವಾಗಬಾರದು.

ಕಷ್ಟವಾಗುವುದು ಪ್ರಮಾಣಪತ್ರ. 2003ರಿಂದ ಅಭ್ಯರ್ಥಿ ತನ್ನ, ಪತ್ನಿಯ, ಅವಲಂಬಿತರ ಆಸ್ತಿ, ಸಾಲ, ಮೊಕದ್ದಮೆಗಳನ್ನು ಬರೆದು ಕೊಡಬೇಕು. 2019ರ ತಿದ್ದುಪಡಿಯ ನಂತರ ಐದು ವರ್ಷಗಳ ಆದಾಯ ತೆರಿಗೆ ವಿವರದ ಜೊತೆಗೆ ಅವಿಭಕ್ತ ಕುಟುಂಬದ ವಿವರವನ್ನೂ ಕೊಡಬೇಕು. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲು ಒಂದೇ ಹೆಸರಿನಲ್ಲಿರುವ ಮನೆಗಳು ಎಷ್ಟಿಲ್ಲ! ತಮ್ಮ ನಾಮಪತ್ರ ಹಾಕಿದರೆ ಮನೆಯ ಲೆಕ್ಕ ಊರಿನ ಗೋಡೆಯ ಮೇಲೆ. ಹಾಗಾಗಿ ನಿಲ್ಲುವ ನಿರ್ಧಾರ ಒಬ್ಬನದಾಗಲಾರದು. ಅಣ್ಣ, ಅತ್ತಿಗೆ, ತಾಯಿ, ಪತ್ನಿ ಎಲ್ಲರನ್ನೂ ಕೂರಿಸಿ ಕೇಳಬೇಕು. ಇನ್ನೊಂದು ಸಂಗತಿ ಬಹಳ ಜನ ವ್ಯಾಪಾರಿಗಳಿಗೆ ತಿಳಿದಿಲ್ಲ. ಪ್ರಜಾಪ್ರತಿನಿಧಿ ಕಾಯಿದೆಯ 9ಎ ಕಲಮಿನಂತೆ, ಆಯಾ ಸರ್ಕಾರಕ್ಕೆ ಮಾಲು ಪೂರೈಸುವ ಅಥವಾ ಅದರ ಕಾಮಗಾರಿ ಮಾಡುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಆ ವ್ಯಕ್ತಿ ಅನರ್ಹ. ಹಾಸ್ಟೆಲಿಗೆ ಬೇಳೆ ಸರಬರಾಜು ಮಾಡುವ ಅಂಗಡಿಯವನು ಮೊದಲು ಆ ಗುತ್ತಿಗೆಯನ್ನು ಬಿಡಬೇಕು. ಕಾರಣ ಎಷ್ಟು ಗಟ್ಟಿಯೆಂಬುದು ಇಲ್ಲಿಯೇ ತಿಳಿಯುತ್ತದೆ.

ನಿಲ್ಲದವರಿಗೂ ಒಂದು ಮಾತು: ನೀತಿ ಸಂಹಿತೆ ಜಾರಿಯಲ್ಲಿರುವಾಗ ಬೀದರ್–ಜಹೀರಾಬಾದ್ ನಡುವಿನ ಚೆಕ್‌ಪೋಸ್ಟಿನಲ್ಲಿ 50 ಸಾವಿರಕ್ಕಿಂತ ಹೆಚ್ಚು ನಗದು ಇದ್ದು ದಾಖಲೆ ಇಲ್ಲದಿದ್ದರೆ ತಡೆಯುತ್ತಾರೆ. ವಸೂಲಿಗೆ ಹೋಗುವ ಮಕ್ಕಳ ಕೈಗೆ ಬಿಲ್ಲು, ಬ್ಯಾಂಕಿನ ಚೀಟಿ ಕೊಟ್ಟು ಕಳಿಸಿ.

ಶೆಟ್ಟಿಯವರ ಮುಂದಿನ ಕಥೆ ಗೆಲುವಿನದಲ್ಲ. 2014ರಲ್ಲಿ ಅವರು ಬಿಜೆಪಿ ಮೈತ್ರಿಕೂಟ ಸೇರಿ ನಿಂತು, ನಮ್ಮ ಸಮಾಜದವರೇ ಆದ ಇಚಲಕರಂಜಿಯ ಶ್ರೀ ಕಲ್ಲಪ್ಪ ಆವಾಡೆಯವರನ್ನು ಸೋಲಿಸಿದರು. ಪಕ್ಷಗಳಿಂದ ದೂರ ನಿಂತವರು ಕೊನೆಗೆ ಒಂದು ಕೂಟದ ನೆರಳಿಗೆ ಹೋದದ್ದು ಅವರ ಹಳೆಯ ಜೊತೆಗಾರರಿಗೆ ಹಿಡಿಸಲಿಲ್ಲ, ನನಗೂ ಸರಿಯೆನಿಸಲಿಲ್ಲ. ರೈತರಿಗೆ ಕೊಟ್ಟ ಮಾತು ನಡೆಯಲಿಲ್ಲವೆಂದು 2017ರಲ್ಲಿ ಅವರೇ ಕೂಟದಿಂದ ಹೊರಬಂದರು; ಮರುವರ್ಷ ಸಾಲಮುಕ್ತಿಗೂ ಬೆಂಬಲ ಬೆಲೆಯ ಹಕ್ಕಿಗೂ ಲೋಕಸಭೆಯಲ್ಲಿ ಖಾಸಗಿ ಮಸೂದೆಗಳನ್ನು ಮಂಡಿಸಿದರು. 2019ರಲ್ಲಿ ಅವರೆದುರು ನಿಂತವರು, ಹತ್ತು ವರ್ಷದ ಹಿಂದೆ ಅವರು ಸೋಲಿಸಿದ್ದ ನಿವೇದಿತಾ ಮಾನೆಯವರ ಮಗ ಶ್ರೀ ಧೈರ್ಯಶೀಲ ಮಾನೆ. ಈಗ ಹಾಲಿ ಸದಸ್ಯರು ಶೆಟ್ಟಿಯವರು, ಲೋಕಸಭೆಗೆ ಹೊಸಬ ಆ ತರುಣ. ಹೊಸಬನೇ 96 ಸಾವಿರ ಮತಗಳಿಂದ ಗೆದ್ದ. 2024ರಲ್ಲಿ ಶೆಟ್ಟಿಯವರು ಯಾವ ಕೂಟದ ನೆರಳೂ ಇಲ್ಲದೆ ನಿಂತು ಮೂರನೆಯ ಸ್ಥಾನಕ್ಕೆ ಬಂದರು. ಆ ವರ್ಷದ ಅಕ್ಟೋಬರಿನಲ್ಲಿ, ಕಾರ್ಖಾನೆಗಳ ಹೊಗೆಕೊಳವೆ ಹೊತ್ತುವ ಮೊದಲು, ಜಯಸಿಂಗಪುರದಲ್ಲಿ ಎಂದಿನಂತೆ ಕಬ್ಬು ಪರಿಷತ್ತು ಸೇರಿತು.